ಮುಟ್ಟಿ ಅರಿಯಬೇಕಾದ ಮನೆ



ಶಾಲೆಗಳಿಗೆ ರಜೆ ಬಂದಿತೆಂದರೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ತಾನಾಗಿಯೇ ಮೊದಲಾಗುತ್ತದೆ. ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲವೆಂದು ಹಿರಿಯರು ಕ್ಷೇತ್ರಗಳ ಹೆಸರನ್ನು ಹೇಳುತ್ತಾರೆ. ದಾರಿಯಲ್ಲಿ ಒಂದು ಹಳೆಯ ಅರಮನೆಯೋ, ಮಹನೀಯರೊಬ್ಬರು ಬಾಳಿದ ಮನೆಯೋ ಇದ್ದರೆ ಅದನ್ನೂ ನೋಡಿ ಬರೋಣವೆಂದು ನಿಶ್ಚಯವಾಗುತ್ತದೆ. ಮಕ್ಕಳಿಗೆ ಇತಿಹಾಸದ ಪರಿಚಯವಾಗಲೆಂಬ ಸದಾಶಯವೇ ಇದರ ಹಿಂದಿರುತ್ತದೆ. ಆದರೆ ಆ ಮನೆಯ ಹೊಸ್ತಿಲನ್ನು ದಾಟಿದ ಕ್ಷಣದಿಂದ ಮಗುವಿನ ಕಿವಿಗೆ ಬೀಳುವ ಮಾತುಗಳಾವುವು? “ಮುಟ್ಟಬೇಡ”, “ಓಡಬೇಡ”, “ಅಲ್ಲಿ ಕೂಡಬೇಡ”, “ಬೇಗ ನಡಿ, ಹೊತ್ತಾಯಿತು”. ಅರ್ಧ ಗಂಟೆಯಲ್ಲಿ ಹತ್ತು ಕೋಣೆಗಳನ್ನು ಸುತ್ತಿ ಹೊರಬಂದ ಮಗುವನ್ನು ಏನು ನೋಡಿದೆಯೆಂದು ಕೇಳಿದರೆ “ದೊಡ್ಡ ದೊಡ್ಡ ಕಂಬ” ಎಂದು ಹೇಳಿ ಶೇಂಗಾ ಮಾರುವವನ ಕಡೆಗೆ ಓಡುತ್ತದೆ. ಮಗುವಿನಲ್ಲಿ ಕುತೂಹಲವಿಲ್ಲವೆಂದು ನಾವು ತೀರ್ಮಾನಿಸುತ್ತೇವೆ. ಕುತೂಹಲದ ಮುಖ್ಯ ದ್ವಾರವನ್ನು ನಾವೇ ಮುಚ್ಚಿದೆವೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಆ ದ್ವಾರವೇ ಕೈ.

ಕೈಯಿಂದ ಅರಿಯುವುದು ಕೀಳಾದ ಅರಿವೆಂದು ಭಾವಿಸುವವರುಂಟು. ನಮ್ಮ ಧರ್ಮದ ಅನುಯಾಯಿಗಳಿಗಂತೂ ಆ ಭಾವನೆ ಸಲ್ಲದು. ಇಷ್ಟಲಿಂಗವನ್ನು ನಾವು ದೂರದ ಗರ್ಭಗುಡಿಯಲ್ಲಿ ಇರಿಸಿ ಕೈಮುಗಿಯುವವರಲ್ಲ. ಎಡ ಅಂಗೈಯನ್ನೇ ಪೀಠವಾಗಿಸಿ, ಬಲಗೈಯಿಂದ ಭಸ್ಮ, ಪತ್ರೆಗಳನ್ನು ಅರ್ಪಿಸಿ, ಅಲ್ಲಿಯೇ ದೃಷ್ಟಿಯನ್ನು ನಿಲ್ಲಿಸುವವರು. ಅಂಗೈಗೆ ಕರಸ್ಥಲವೆಂಬ ಗೌರವದ ಹೆಸರನ್ನು ಶರಣರು ಕೊಟ್ಟರು. ಹಾಗೆಯೇ ಕಾಯಕತತ್ತ್ವವೂ ಕೈಯ ತತ್ತ್ವವೇ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ, ನೇಯುತ್ತಿದ್ದ ಜೇಡರ ದಾಸಿಮಯ್ಯ, ಅಕ್ಕಿ ಆಯುತ್ತಿದ್ದ ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿಗಳು, ಇವರೆಲ್ಲರ ಅನುಭಾವದ ಹಿಂದೆ ದುಡಿದು ಗಟ್ಟಿಯಾದ ಅಂಗೈಗಳಿದ್ದವು. ಇಂತಹ ಪರಂಪರೆಯ ಮಕ್ಕಳಿಗೆ ಹಿರಿಯರ ಬಾಳುವೆಯನ್ನು ಗಾಜಿನ ಆಚೆಗಿಟ್ಟು ತೋರಿಸಿದರೆ ಸಾಕೇ ಎಂಬುದು ಈ ತಿಂಗಳ ವಿಚಾರ.

ಮೊದಲಿಗೆ ಒಂದು ಭೇದವನ್ನು ಗಮನಿಸಬೇಕು. ಸಾಮಾನ್ಯ ವಸ್ತುಸಂಗ್ರಹಾಲಯದಲ್ಲಿ ವಿಗ್ರಹ, ನಾಣ್ಯ, ಶಾಸನ, ಆಯುಧಗಳು ತಮ್ಮ ಮೂಲಸ್ಥಾನದಿಂದ ಬಂದು ಸಾಲಾಗಿ ನಿಂತಿರುತ್ತವೆ. ಮನೆಯೇ ಸಂಗ್ರಹಾಲಯವಾದಾಗ ಹಾಗಲ್ಲ. ಅಲ್ಲಿ ಒಲೆಯು ಅಡುಗೆಮನೆಯಲ್ಲಿಯೇ ಇದೆ, ಬೀಸುವ ಕಲ್ಲು ಮೂಲೆಯಲ್ಲಿಯೇ ಇದೆ, ಪಡಸಾಲೆಯ ಕಂಬಕ್ಕೆ ಬೆನ್ನು ತಾಗಿಸಿ ಕುಳಿತವರ ಗುರುತು ಕಂಬದ ನುಣುಪಿನಲ್ಲಿಯೇ ಉಳಿದಿದೆ. ಮನೆಯೆಂಬುದು ಬಳಕೆಗಾಗಿ ಕಟ್ಟಿದ ವಸ್ತು. ಅದನ್ನು ಬಳಸದೆ ಕೇವಲ ನೋಡಿ ಅರಿಯುತ್ತೇನೆಂಬುದು ಹೋಳಿಗೆಯನ್ನು ಚಿತ್ರದಲ್ಲಿ ಕಂಡು ರುಚಿ ಹೇಳಿದಂತೆ.

ಈ ವಿಚಾರ ಇತರ ದೇಶಗಳಲ್ಲಿ ಬಹುಹಿಂದೆಯೇ ಮೊಳೆಯಿತು. ಸ್ವೀಡನ್ ದೇಶದ ಅರ್ಥರ್ ಹಜೇಲಿಯಸ್ ಎಂಬವರು 1891ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ‘ಸ್ಕಾನ್ಸೆನ್’ ಎಂಬ ಬಯಲು ಸಂಗ್ರಹಾಲಯವನ್ನು ತೆರೆದರು. ಕೈಗಾರಿಕೆಗಳ ಕಾಲದಲ್ಲಿ ಕಣ್ಮರೆಯಾಗುತ್ತಿದ್ದ ಹಳ್ಳಿಯ ಮನೆಗಳನ್ನು ದೇಶದ ನಾನಾ ಭಾಗಗಳಿಂದ ಬಿಚ್ಚಿ ತಂದು ಅಲ್ಲಿ ಮರಳಿ ನಿಲ್ಲಿಸಲಾಯಿತು. ಅವುಗಳಲ್ಲಿ ಹಳೆಯ ಉಡುಗೆತೊಡುಗೆ ಧರಿಸಿದವರು ಹಳೆಯ ಕೆಲಸಗಳನ್ನು ಮಾಡಿ ತೋರಿಸುವ ಏರ್ಪಾಡಾಯಿತು. 1899ರಲ್ಲಿ ಅಮೆರಿಕೆಯ ಬ್ರೂಕ್ಲಿನ್‌ನಲ್ಲಿ ಮಕ್ಕಳಿಗೆಂದೇ ಮೊದಲ ಸಂಗ್ರಹಾಲಯ ಸ್ಥಾಪಿತವಾಯಿತು. ಬಾಸ್ಟನ್ ನಗರದ ಮಕ್ಕಳ ಸಂಗ್ರಹಾಲಯವು 1913ರಲ್ಲಿ ಹುಟ್ಟಿತಾದರೂ, 1962ರಲ್ಲಿ ಮೈಕೆಲ್ ಸ್ಪಾಕ್ ಎಂಬವರು ಅದರ ನಿರ್ದೇಶಕರಾದ ಮೇಲೆ ವಸ್ತುಗಳು ಗಾಜಿನ ಪೆಟ್ಟಿಗೆಗಳಿಂದ ಹೊರಬಂದು ಮಕ್ಕಳ ಕೈಗೆ ದೊರೆಯತೊಡಗಿದವು.

ಅದೇ ಬಾಸ್ಟನ್ ಸಂಗ್ರಹಾಲಯದಲ್ಲಿ ಒಂದು ಜಪಾನೀ ಮನೆಯಿದೆ. ರೇಷ್ಮೆ ವ್ಯಾಪಾರಿಯೊಬ್ಬರ ಕ್ಯೋಟೋ ನಗರದ ಎರಡಂತಸ್ತಿನ ಹಳೆಯ ಮನೆಯದು. ಬಾಸ್ಟನ್ ಮತ್ತು ಕ್ಯೋಟೋ ಸೋದರ ನಗರಗಳೆಂಬ ಸ್ನೇಹದ ಕುರುಹಾಗಿ 1979ರಲ್ಲಿ ಕ್ಯೋಟೋ ನಗರವು ಅದನ್ನು ಕಾಣಿಕೆಯಾಗಿ ನೀಡಿತು. ಆ ಊರಿನ ಬಡಗಿಗಳೇ ಬಂದು ಅದನ್ನು ಜೋಡಿಸಿದರು. ಒಳಗೆ ಹೋಗುವ ಮಗು ಮೊದಲು ಪಾದರಕ್ಷೆಯನ್ನು ಕಳಚಿಡಬೇಕು. ನಮಗೆ ಇದರಲ್ಲಿ ಹೊಸತೇನೂ ಇಲ್ಲ. ಆದರೆ ಪಾದರಕ್ಷೆಯೊಡನೆಯೇ ಮನೆಯೊಳಗೆ ತಿರುಗಾಡುವ ದೇಶದ ಮಗುವಿಗೆ, ಬರಿಯ ಅಂಗಾಲಿನಿಂದ ಹುಲ್ಲಿನ ಚಾಪೆಯನ್ನು ತುಳಿದ ಕ್ಷಣದಲ್ಲಿಯೇ ಬೇರೊಂದು ಜನಾಂಗದ ಬಾಳಿನ ರೀತಿ ಅನುಭವಕ್ಕೆ ಬರುತ್ತದೆ. ನೂರು ಪುಟದ ಪುಸ್ತಕವು ಹೇಳಲಾರದುದನ್ನು ಅಂಗಾಲು ಹೇಳಿಬಿಡುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಮಗುವಿಗೆ ಅಲ್ಲಿ ಸ್ವೇಚ್ಛೆಯನ್ನು ಕೊಟ್ಟಿಲ್ಲ, ಆ ಮನೆಯ ಆಚಾರವನ್ನು ಕಲಿಸಿದ್ದಾರೆ. ಮುಟ್ಟುವ ಕಲಿಕೆಯೆಂದರೆ ಅಶಿಸ್ತೆಂದು ಭಾವಿಸುವವರಿಗೆ ಇದೇ ಉತ್ತರ.

ಹಾಗಾದರೆ ಎಲ್ಲವನ್ನೂ ಮಕ್ಕಳ ಕೈಗೆ ಕೊಟ್ಟುಬಿಡೋಣವೇ? ಕೂಡದು. “ವಸ್ತುಗಳನ್ನು ಮುಟ್ಟಬಾರದು” ಎಂಬ ಫಲಕದ ಹಿಂದೆ ಸಕಾರಣವಿದೆ. ನಮ್ಮ ಬೆರಳುಗಳಲ್ಲಿ ಬೆವರಿನ ಉಪ್ಪೂ ಮೈಯ ಎಣ್ಣೆಯ ಅಂಶವೂ ಸದಾ ಇರುತ್ತವೆ. ಹಿತ್ತಾಳೆ, ಬೆಳ್ಳಿಗಳ ಮೇಲೆ ಆ ಉಪ್ಪು ಕಲೆಯನ್ನು ಮೂಡಿಸಿ ಲೋಹವನ್ನು ನಿಧಾನವಾಗಿ ತಿನ್ನುತ್ತದೆ. ಹಳೆಯ ಬಟ್ಟೆಯ ನೂಲು ಸಡಿಲಗೊಳ್ಳುತ್ತದೆ. ಒಣಗಿದ ತಾಳೆಗರಿ ಒಂದೇ ಬಾಗಿಗೆ ಮುರಿಯುತ್ತದೆ. ಒಬ್ಬನ ಸ್ಪರ್ಶದಿಂದ ಏನೂ ಆಗದಿರಬಹುದು. ಸಾವಿರಾರು ಕೈಗಳು ತಾಗಿದಾಗ ಕಲ್ಲೂ ಸವೆಯುತ್ತದೆ. ಮುಂದಿನ ತಲೆಮಾರಿಗೆ ಸಲ್ಲಬೇಕಾದುದನ್ನು ಇಂದಿನ ಮಕ್ಕಳ ಸಂತೋಷಕ್ಕಾಗಿ ಕಳೆಯುವುದು ಧರ್ಮವಲ್ಲ.

ಇದಕ್ಕೆ ತಿಳಿದವರು ಕಂಡುಕೊಂಡಿರುವ ಉಪಾಯ ಸರಳವಾಗಿದೆ. ವಸ್ತುಗಳನ್ನು ಎರಡು ಪಂಗಡಗಳಾಗಿ ಬೇರ್ಪಡಿಸುವುದು. ಅಪೂರ್ವವಾದುದು, ಒಂದೇ ಒಂದು ಉಳಿದಿರುವುದು, ಮಹಾಪುರುಷರು ಬಳಸಿದುದು, ಇವು ಕಾಪಿಡುವ ಪಂಗಡಕ್ಕೆ ಸೇರಿದವು. ಇವನ್ನು ಕಣ್ಣಿನಿಂದಲೇ ನೋಡಬೇಕು. ಊರಿನಲ್ಲಿ ಹತ್ತಾರು ದೊರೆಯುವ ಒರಳು, ಒನಕೆ, ಮೊರ, ಸೇರು, ಪಾವು, ಕಡೆಗೋಲು, ಕೌದಿ ಇತ್ಯಾದಿಗಳು ಕೈಗೆ ಕೊಡುವ ಪಂಗಡ. ಅವು ದೊರೆಯದಿದ್ದರೆ ಕುಂಬಾರ, ಬಡಗಿ, ಮೇದಾರರಿಂದ ಹೊಸದಾಗಿ ಮಾಡಿಸಬಹುದು. ಅದರಿಂದ ಆ ಕಸುಬುದಾರರಿಗೂ ಕೆಲಸ ದೊರೆಯುತ್ತದೆ. ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು, ಏಕೆ ಎಂಬುದನ್ನು ಮಗುವಿಗೆ ವಿವರಿಸಿದಾಗ ಅದು ತಾನೇ ಕಾವಲುಗಾರನಾಗುತ್ತದೆ. ತನ್ನ ತಂಗಿಗೆ “ಅದು ಮುರಿದರೆ ಮತ್ತೆ ಸಿಗುವುದಿಲ್ಲ” ಎಂದು ಹೇಳುವಷ್ಟು ಜವಾಬ್ದಾರಿ ಅದಕ್ಕೆ ಬರುತ್ತದೆ.

ನಮ್ಮ ನಾಡಿನಲ್ಲಿ ಇಂತಹ ಮನೆಗಳಿಗೆ ಕೊರತೆಯಿಲ್ಲ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ ರಾಷ್ಟ್ರಕವಿ ಕುವೆಂಪು (1904-1994) ಅವರು ಬೆಳೆದ ಮಲೆನಾಡಿನ ತೊಟ್ಟಿಮನೆ ಕವಿಮನೆಯಾಗಿ ಉಳಿದಿದೆ. ಕವಿಯ ಗ್ರಂಥಗಳೂ ಚಿತ್ರಗಳೂ ಅಷ್ಟೇ ಅಲ್ಲದೆ, ಆ ಕಾಲದ ಗೃಹಕೃತ್ಯದ ಸಾಮಾನುಗಳೂ ಬೇಸಾಯದ ಉಪಕರಣಗಳೂ ಅಲ್ಲಿವೆ. ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಸಂಗ್ರಹಾಲಯವಾಗಿದೆ. ಮಣಿಪಾಲದಲ್ಲಿ 2017ರಲ್ಲಿ ನಿಧನರಾದ ವಿಜಯನಾಥ ಶೆಣೈ ಅವರು ಕಟ್ಟಿದ ‘ಹಸ್ತಶಿಲ್ಪ’ ಪಾರಂಪರಿಕ ಗ್ರಾಮವಂತೂ ಒಂದು ಸಾಹಸವೇ ಸರಿ. ಕೆಡವಲು ಸಿದ್ಧವಾಗಿದ್ದ ಹಳೆಯ ಕಟ್ಟಡಗಳನ್ನು ಊರೂರುಗಳಿಂದ ಬಿಚ್ಚಿ ತಂದು, ತೊಲೆ ಕಂಬಗಳನ್ನು ಮೊದಲಿನಂತೆಯೇ ಕೂಡಿಸಿ ಅಲ್ಲಿ ನಿಲ್ಲಿಸಲಾಗಿದೆ. ಕರಾವಳಿಯ ಚೌಕಿಮನೆಗಳ ಜೊತೆಗೆ ವೀರಶೈವ ಜಂಗಮ ಮಠವೊಂದೂ ಅಲ್ಲಿ ಆಶ್ರಯ ಪಡೆದಿದೆಯೆಂಬುದು ನಮ್ಮ ವಾಚಕರಿಗೆ ವಿಶೇಷ ಆಸಕ್ತಿಯ ಸಂಗತಿ. ಇಂತಹ ಸ್ಥಳಗಳಿಗೆ ಹೋದಾಗ ಅಲ್ಲಿನ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಬೇಕು. ಅಲ್ಲಿ ಕಂಡುದನ್ನು ಕೈಯಿಂದ ಅನುಭವಿಸುವ ಅವಕಾಶವನ್ನು ಮನೆಗೆ ಬಂದ ಮೇಲಾದರೂ ನಾವು ಒದಗಿಸಬೇಕು.

ಬೀಸುವ ಕಲ್ಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನೋಡಲು ಎರಡು ದುಂಡನೆಯ ಕಲ್ಲುಗಳು, ಮೇಲಿನದಕ್ಕೊಂದು ಮರದ ಗೂಟ, ನಡುವೆ ಕಾಳು ಸುರಿಯುವ ಬಾಯಿ. ಮಗು ಅರ್ಧ ನಿಮಿಷದಲ್ಲಿ ನೋಡಿ ಮುಗಿಸುತ್ತದೆ. ಅದೇ ಮಗುವಿಗೆ ಎರಡು ಹಿಡಿ ಜೋಳವನ್ನು ಕೊಟ್ಟು “ಬೀಸು” ಎಂದು ಕೂರಿಸಿರಿ. ಮೊದಲ ಹತ್ತು ಸುತ್ತು ಆಟ. ಇಪ್ಪತ್ತನೆಯ ಸುತ್ತಿಗೆ ಭುಜ ನೋಯುತ್ತದೆ. ಹೆಚ್ಚು ಕಾಳು ಹಾಕಿದರೆ ಹಿಟ್ಟು ತರಿಯಾಗುತ್ತದೆ, ಕಡಿಮೆ ಹಾಕಿದರೆ ಕಲ್ಲಿಗೆ ಕಲ್ಲು ಉಜ್ಜುತ್ತದೆ ಎಂಬುದು ಹೇಳಿಕೊಡದೆಯೇ ತಿಳಿಯುತ್ತದೆ. ಕಾಲು ಗಂಟೆಯ ನಂತರ ಒಂದು ರೊಟ್ಟಿಗೂ ಸಾಲದಷ್ಟು ಹಿಟ್ಟು ಮುಂದೆ ಬಿದ್ದಿರುತ್ತದೆ. ಆಗ ಅಜ್ಜಿಯು ಪಕ್ಕದಲ್ಲಿ ಕುಳಿತು ಹೇಳಬೇಕು: “ತಮ್ಮಾ, ಮನೆಯಲ್ಲಿ ಹನ್ನೆರಡು ಜನ ಉಣ್ಣುವವರು. ಕೋಳಿ ಕೂಗುವ ಮೊದಲು ಎದ್ದು ಇಷ್ಟೂ ಜನಕ್ಕೆ ಬೀಸುತ್ತಿದ್ದರು ನಮ್ಮ ಅತ್ತೆ.” ಬೀಸುವ ಪದಗಳು ಏಕೆ ಹುಟ್ಟಿದವು, ಅವುಗಳಲ್ಲಿ ತವರಿನ ನೆನಪೂ ದೇವರ ನೆನಪೂ ಏಕೆ ತುಂಬಿದವು ಎಂಬುದು ಆ ಮಗುವಿಗೆ ತೋಳಿನ ನೋವಿನ ಮೂಲಕವೇ ಅರ್ಥವಾಗುತ್ತದೆ. ಹಿಟ್ಟಿನ ಗಿರಣಿ ಬಂದುದು ಹೆಣ್ಣುಮಕ್ಕಳ ಬಾಳಿನಲ್ಲಿ ಎಂತಹ ಬಿಡುಗಡೆಯೆಂಬುದೂ ಆಗಲೇ ಹೊಳೆಯುತ್ತದೆ. ಹಿಂದಿನ ಕಾಲವೇ ಚೆನ್ನಾಗಿತ್ತೆಂಬ ಸುಲಭದ ಮಾತಿಗೆ ಬೀಸುವ ಕಲ್ಲಿಗಿಂತ ದೊಡ್ಡ ಉತ್ತರವಿಲ್ಲ. ಈ ಕೆಲಸಕ್ಕೆ ಹೆಣ್ಣುಮಗುವಿಗಿಂತ ಮೊದಲು ಗಂಡುಮಗುವನ್ನು ಕೂರಿಸುವುದು ಲೇಸು.

ಸೇರು, ಪಾವು, ಚಟಾಕುಗಳು ಗಣಿತವನ್ನು ಕಲಿಸುತ್ತವೆ. 16 ಚಟಾಕಿಗೆ ಒಂದು ಸೇರು. ಬ್ರಿಟಿಷರ ಕಾಲದ ಪ್ರಮಾಣದ ಸೇರು 80 ತೊಲೆಯದು, ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಆದರೆ ಊರಿನಿಂದ ಊರಿಗೆ ಸೇರು ಬೇರೆಯಾಗುತ್ತಿತ್ತು. ಅಳೆಯುವ ಸೇರೇ ಬೇರೆ, ತೂಗುವ ಸೇರೇ ಬೇರೆ. ಈ ಗೊಂದಲವನ್ನು ನಿವಾರಿಸಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದು ದೇಶದಲ್ಲಿ ಕಿಲೋಗ್ರಾಂ, ಲೀಟರುಗಳು ಜಾರಿಗೆ ಬಂದವು. 1957ರ ಏಪ್ರಿಲ್ 1ರಂದು 16 ಆಣೆಯ ರೂಪಾಯಿ 100 ಪೈಸೆಯ ರೂಪಾಯಿಯಾಯಿತು. ಮಗುವಿನ ಕೈಗೆ ಹಳೆಯ ಸೇರನ್ನು ಕೊಟ್ಟು ಅಕ್ಕಿಯನ್ನು ಅಳೆಯಲು ಹೇಳಿ, ಅದನ್ನೇ ತಕ್ಕಡಿಯಲ್ಲಿ ತೂಗಿಸಿರಿ. ತಲೆ ತಟ್ಟಿ ಅಳೆದರೆ ಎಷ್ಟು, ಗೋಪುರ ಮಾಡಿ ಅಳೆದರೆ ಎಷ್ಟು ಎಂಬ ವ್ಯತ್ಯಾಸವನ್ನು ಕಂಡ ಮಗು, ಸಾಲ ಕೊಡುವಾಗ ಒಂದು ಬಗೆಯಾಗಿಯೂ ಮರಳಿ ಪಡೆಯುವಾಗ ಇನ್ನೊಂದು ಬಗೆಯಾಗಿಯೂ ಅಳೆದರೆ ಬಡವನಿಗಾಗುವ ಅನ್ಯಾಯವೆಂತಹುದೆಂಬುದನ್ನು ತಾನೇ ಊಹಿಸಬಲ್ಲದು. ಶರಣರು ನಡೆನುಡಿಯ ಶುದ್ಧಿಯನ್ನು ಏಕೆ ಅಷ್ಟೊಂದು ಒತ್ತಿ ಹೇಳಿದರೆಂಬುದಕ್ಕೆ ಒಂದು ಸೇರೇ ಪಾಠವಾಗಬಲ್ಲದು.

ಇನ್ನು ತಾಳೆಗರಿಯ ವಿಷಯ. ಇಂದು ನಮ್ಮ ಕೈಯಲ್ಲಿರುವ ವಚನ ಸಾಹಿತ್ಯವು ಶತಮಾನಗಳ ಕಾಲ ಮಠಗಳಲ್ಲಿಯೂ ಮನೆಗಳಲ್ಲಿಯೂ ಓಲೆಯ ಕಟ್ಟುಗಳಾಗಿ ಉಳಿದುಬಂದುದು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿ (1880-1964) ಅವರು ಅವನ್ನು ಹುಡುಕಿ, ಓದಿ, ಪ್ರತಿಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಕಥೆ ನಮ್ಮ ವಾಚಕರಿಗೆ ಹೊಸದಲ್ಲ. ಮೂಲ ಓಲೆಗಳನ್ನು ಮಕ್ಕಳ ಕೈಗೆ ಕೊಡಲಾಗದು. ಆದರೆ ಹದಗೊಳಿಸಿದ ಹೊಸ ಗರಿಯೊಂದನ್ನು ಕೊಟ್ಟು, ಮೊನೆಯುಳ್ಳ ಕಂಠದಿಂದ ತನ್ನ ಹೆಸರನ್ನು ಕೊರೆಯಲು ಹೇಳಬಹುದು. ಕೊರೆದಾಗ ಏನೂ ಕಾಣಿಸುವುದಿಲ್ಲ. ಮೇಲೆ ದೀಪದ ಕಾಡಿಗೆಯನ್ನು ಹಚ್ಚಿ ಬಟ್ಟೆಯಿಂದ ಒರೆಸಿದಾಗ ಅಕ್ಷರಗಳು ಕಪ್ಪಾಗಿ ಎದ್ದುಬರುತ್ತವೆ. ಆ ಕ್ಷಣದಲ್ಲಿ ಮಗುವಿನ ಮುಖವನ್ನು ನೋಡಬೇಕು. ಉದ್ದನೆಯ ಅಡ್ಡಗೆರೆಯನ್ನು ಎಳೆದರೆ ಗರಿಯ ನಾರು ಸೀಳುತ್ತದೆ, ಗುಂಡಾಗಿ ಬರೆದರೆ ಉಳಿಯುತ್ತದೆ; ಕನ್ನಡದ ಅಕ್ಷರಗಳು ದುಂಡಗಾಗಲು ಇದೂ ಒಂದು ಕಾರಣವೆಂದು ಬಲ್ಲವರು ಹೇಳುವುದುಂಟು. ಒಂದು ಹೆಸರನ್ನು ಬರೆಯಲು ಇಷ್ಟು ಶ್ರಮವಾದರೆ, ಸಾವಿರಾರು ವಚನಗಳನ್ನು ತಲೆಮಾರಿನಿಂದ ತಲೆಮಾರಿಗೆ ಪ್ರತಿಮಾಡಿದ ಆ ಹೆಸರಿಲ್ಲದ ಕೈಗಳು ಎಷ್ಟು ಶ್ರಮಿಸಿರಬೇಕು! ಈ ಪ್ರಶ್ನೆ ಒಮ್ಮೆ ಮಗುವಿನ ಮನಸ್ಸಿನಲ್ಲಿ ಮೂಡಿದರೆ ವಚನವು ಅದಕ್ಕೆ ಪರೀಕ್ಷೆಗಾಗಿ ಕಂಠಪಾಠ ಮಾಡುವ ಪಾಠವಾಗಿ ಉಳಿಯುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಉಳಿದುಕೊಂಡಿರುವ ಹಳೆಯ ಮನೆಗಳು ಬಹುಮಟ್ಟಿಗೆ ಉಳ್ಳವರ ಮನೆಗಳು. ವಾಡೆ ಉಳಿಯಿತು, ಗುಡಿಸಲು ಉಳಿಯಲಿಲ್ಲ. ದೇಸಾಯರು ಕುಳಿತ ಗಾದಿಯನ್ನು ತೋರಿಸುವವರು, ನೀರು ಹೊತ್ತವರ ಹೆಗಲನ್ನೂ ಸಗಣಿ ಬಾಚಿದವರ ಕೈಯನ್ನೂ ತೋರಿಸುವುದಿಲ್ಲ. ಯಾರು ಪಡಸಾಲೆಯವರೆಗೆ ಬರಬಹುದಿತ್ತು, ಯಾರು ಕಟ್ಟೆಯ ಕೆಳಗೇ ನಿಲ್ಲಬೇಕಾಗಿತ್ತು ಎಂದು ಮಗು ಕೇಳಿದರೆ ನಾವು ಮಾತು ಮರೆಸಬಾರದು. ಹುಟ್ಟಿನ ಭೇದವನ್ನು ಅಲ್ಲಗಳೆದು ಎಲ್ಲ ಕಾಯಕದವರನ್ನೂ ಒಂದೇ ನೆಲದ ಮೇಲೆ ಕೂರಿಸಿದ ಬಸವಣ್ಣನವರ ಹೆಸರು ಹೇಳುವ ನಾವು, ನಮ್ಮ ಹಿರಿಯರ ಮನೆಗಳಲ್ಲಿ ಆ ಮಾತು ಎಷ್ಟರಮಟ್ಟಿಗೆ ನಡೆಯಿತು, ಎಲ್ಲಿ ನಿಂತಿತು ಎಂಬುದನ್ನು ಮಕ್ಕಳ ಮುಂದೆ ಪ್ರಾಮಾಣಿಕವಾಗಿ ಹೇಳಬೇಕು. ಬಾಲ್ದಿ ನೀರನ್ನು ಬಾವಿಯಿಂದ ಸೇದಿ, ಹೆಗಲ ಮೇಲೆ ಹೊತ್ತು ತಂದ ಮಗುವಿಗೆ ಈ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಅದನ್ನು ಹುಟ್ಟಿಸದ ಭೇಟಿ ಅಲಂಕಾರದ ಭೇಟಿಯಾದೀತು.

ಹಾಗೆಂದು ಉಳ್ಳವರ ಮನೆಗಳಲ್ಲಿ ಕಲಿಯಬೇಕಾದುದು ಇಲ್ಲವೆಂದಲ್ಲ. ನವಲಗುಂದ-ಶಿರಸಂಗಿ ದೇಸಗತಿಯ ತ್ಯಾಗವೀರ ಲಿಂಗರಾಜರು (1861-1906) ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟುದನ್ನು ಯಾರು ಮರೆತಾರು? ಅಂತಹವರ ಊರಿಗೆ ಮಕ್ಕಳನ್ನು ಕರೆದೊಯ್ದಾಗ ಕಂಬಗಳೆಷ್ಟು, ಅಂಕಣಗಳೆಷ್ಟು ಎಂದು ಎಣಿಸುವುದರ ಜೊತೆಗೆ, ಇಷ್ಟೆಲ್ಲ ಇದ್ದವರು ಇದನ್ನು ಯಾರಿಗೆ ಕೊಟ್ಟರು, ಏಕೆ ಕೊಟ್ಟರು ಎಂದು ಕೇಳಿಸಬೇಕು. ಆ ದಾನದಿಂದ ಓದಿದವರು ನಮ್ಮ ಬಂಧುಬಳಗದಲ್ಲಿಯೇ ಇದ್ದಾರೆಯೇ ಎಂದು ವಿಚಾರಿಸಿ ಬರೆದುಕೊಳ್ಳುವ ಕೆಲಸವನ್ನು ಮಗುವಿಗೇ ವಹಿಸಬಹುದು.

ಮನೆ ಪೂರ್ಣವಾಗಿ ಉಳಿಯದಿದ್ದರೂ ಕಲಿಕೆಗೆ ಅಡ್ಡಿಯಿಲ್ಲ. ಕಿತ್ತೂರಿನ ಕೋಟೆಯೊಳಗಿನ ಅರಮನೆ ಇಂದು ಗೋಡೆಗಳ ಅವಶೇಷ ಮಾತ್ರ, ಪಕ್ಕದಲ್ಲಿಯೇ ಸಂಗ್ರಹಾಲಯವಿದೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಥ್ಯಾಕರೆಯ ಪಡೆಯನ್ನು ಸೋಲಿಸಿದುದನ್ನು ಪ್ರತಿ ಮಗುವೂ ಓದಿದೆ. ಆದರೆ ಆ ಅವಶೇಷಗಳಲ್ಲಿ ಅಡುಗೆಮನೆ, ಊಟದ ಸ್ಥಳ, ಸ್ನಾನದ ತೊಟ್ಟಿ, ನೀರು ಹರಿಯುವ ದಾರಿಗಳ ಗುರುತುಗಳನ್ನು ಹುಡುಕಿಸಿದರೆ, ರಾಣಿಯು ಕುದುರೆಯ ಮೇಲಿನ ಪ್ರತಿಮೆಯಷ್ಟೇ ಅಲ್ಲದೆ ಒಂದು ಮನೆಯನ್ನು ನಡೆಸಿದ ತಾಯಿಯಾಗಿಯೂ ಕಾಣಿಸುತ್ತಾಳೆ. ಕೋಣೆಯನ್ನು ಹೆಜ್ಜೆಯಿಂದ ಅಳೆದು ಕಾಗದದ ಮೇಲೆ ನಕ್ಷೆ ಬರೆಯಲಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತೆಂದು ಊಹಿಸಲಿ. ಗೋಡೆಯ ಮೇಲೆ ಹತ್ತುವುದು, ಹೆಸರು ಕೊರೆಯುವುದು ಮಾತ್ರ ಸರ್ವಥಾ ಕೂಡದು.

ತಂದೆತಾಯಿಗಳು ಪಾಲಿಸಬಹುದಾದ ಕೆಲವು ಸೂಚನೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೋಗುವ ಮೊದಲು ಆ ಮನೆಯವರ ಕಥೆಯನ್ನು ಮಗುವಿಗೆ ಊಟದ ಹೊತ್ತಿನಲ್ಲಿ ಹೇಳಿರಿ. ಕಥೆ ತಿಳಿದ ಮಗು ಅಲ್ಲಿ ಪರಿಚಿತರ ಮನೆಗೆ ಬಂದಂತೆ ನಡೆಯುತ್ತದೆ. ಎಲ್ಲ ಕೋಣೆಗಳನ್ನೂ ನೋಡಲೇಬೇಕೆಂಬ ಹಟ ಬೇಡ. ಮೂರು ಕೋಣೆಗಳನ್ನು ನಿಧಾನವಾಗಿ ನೋಡಿದರೆ ಸಾಕು. ಅಲ್ಲಿನ ಸಿಬ್ಬಂದಿಯವರನ್ನು ಮೊದಲೇ ವಿನಯದಿಂದ ಕೇಳಿ, ಮುಟ್ಟಬಹುದಾದುದು ಏನಾದರೂ ಇದೆಯೇ ಎಂದು ತಿಳಿದುಕೊಳ್ಳಿರಿ. ಕೈತೊಳೆದು, ಉಂಗುರ ಬಳೆಗಳನ್ನು ತೆಗೆದು, ಎರಡು ಕೈಯಿಂದ ಹಿಡಿಯುವ ಕ್ರಮವನ್ನು ಕಲಿಸಿರಿ. ಮುಟ್ಟುವ ಅವಕಾಶವಿಲ್ಲದ ಕಡೆ ಪೆನ್ಸಿಲು ಕಾಗದ ಕೊಟ್ಟು ಒಂದೇ ವಸ್ತುವಿನ ಚಿತ್ರವನ್ನು ಬರೆಯಿಸಿರಿ. ಬರೆಯುವ ಕೈಯೂ ಒಂದು ಬಗೆಯಲ್ಲಿ ಮುಟ್ಟುವ ಕೈಯೇ. ಫೋಟೋ ತೆಗೆಯುವ ಅವಸರದಲ್ಲಿ ಮಗುವಿನ ಪ್ರಶ್ನೆಯನ್ನು ಕಡೆಗಣಿಸಬೇಡಿರಿ. ಮರಳಿ ಬಂದ ಮೇಲೆ ಅಜ್ಜ ಅಜ್ಜಿಯರ ಮುಂದೆ ಮಗು ತಾನು ಕಂಡುದನ್ನು ಹೇಳಲಿ. “ನಮ್ಮ ಮನೆಯಲ್ಲೂ ಅದು ಇತ್ತು” ಎಂದು ಅಜ್ಜಿ ಹೇಳುವ ಮಾತಿನಿಂದ ನಿಜವಾದ ಪಾಠ ಆರಂಭವಾಗುತ್ತದೆ.

“ಇತ್ತು” ಎಂಬ ಆ ಮಾತಿನಲ್ಲಿಯೇ ನಮ್ಮ ಕಾಲದ ನಷ್ಟವೂ ಅಡಗಿದೆ. ಹಳ್ಳಿಯ ಮಣ್ಣಿನ ಮಾಳಿಗೆಯ ಮನೆಗಳು ಇಳಿದು ಸಿಮೆಂಟಿನ ಮನೆಗಳು ಎದ್ದಿವೆ. ಇದು ತಪ್ಪಲ್ಲ, ಮಳೆಗಾಲಕ್ಕೆ ಸೋರುವ ಮನೆಯಲ್ಲಿಯೇ ಇರಿರೆಂದು ಯಾರಿಗೂ ಹೇಳಲಾಗದು. ಆದರೆ ಕೆಡವುವ ದಿನ ಬೀಸುವ ಕಲ್ಲು ಅಡಿಪಾಯಕ್ಕೆ ಹೋಗುತ್ತದೆ, ಕೆತ್ತನೆಯ ಬಾಗಿಲು ಗುಜರಿಯವನ ಗಾಡಿ ಸೇರುತ್ತದೆ, ಹಗೇವಿನ ಬಾಯಿ ಶಾಶ್ವತವಾಗಿ ಮುಚ್ಚುತ್ತದೆ, ಓಲೆಯ ಕಟ್ಟೊಂದು ಅಟ್ಟದಲ್ಲಿದ್ದರೆ ಅದು ಕಸದೊಡನೆ ಹೊರಬೀಳುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳಲು ಆಗದಿದ್ದರೂ ಕೆಲವನ್ನು ಉಳಿಸಿಕೊಳ್ಳಬಹುದು. ಓಲೆಗಳಿದ್ದರೆ ಬಿಚ್ಚದೆ, ಎಣ್ಣೆ ಹಚ್ಚದೆ, ಸಮೀಪದ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ಹಸ್ತಪ್ರತಿಗಳನ್ನು ಬಲ್ಲ ಮಠಕ್ಕೋ ತೋರಿಸಿರಿ. ಉಳಿದ ವಸ್ತುಗಳಲ್ಲಿ ಐದನ್ನಾದರೂ ಆರಿಸಿ, ಯಾರು ಬಳಸಿದುದು, ಏತಕ್ಕೆ ಬಳಸಿದುದು ಎಂದು ಚೀಟಿ ಬರೆದು ಕಟ್ಟಿಡಿರಿ. ಚೀಟಿಯಿಲ್ಲದ ವಸ್ತು ಇನ್ನೊಂದು ತಲೆಮಾರಿಗೆ ಮೂಕವಾಗುತ್ತದೆ.

ನಮ್ಮ ಮಠಗಳಿಗೂ ಸಮಾಜದ ಸಂಘಗಳಿಗೂ ಒಂದು ವಿನಂತಿಯಿದೆ. ಮಠದ ಪ್ರಸಾದನಿಲಯಗಳಲ್ಲಿ ಸಾವಿರಾರು ಮಕ್ಕಳು ಓದುತ್ತಾರೆ. ಮಠದ ಹಳೆಯ ಕೋಣೆಯೊಂದನ್ನು ಇದಕ್ಕೆ ಬಿಟ್ಟುಕೊಟ್ಟು, ಭಕ್ತರ ಮನೆಗಳಿಂದ ಬಂದ ಸಾಮಾನುಗಳನ್ನು ಇರಿಸಿ, ತಿಂಗಳಿಗೊಮ್ಮೆ ಊರಿನ ಹಿರಿಯ ಅಮ್ಮಂದಿರನ್ನೂ ಕಸುಬುದಾರರನ್ನೂ ಕರೆಯಿಸಿ ಮಕ್ಕಳ ಕೈಗೆ ಕೆಲಸ ಕೊಟ್ಟರೆ, ಹೆಚ್ಚಿನ ಹಣವಿಲ್ಲದೆಯೇ ಒಂದು ಸಂಗ್ರಹಾಲಯ ಸಿದ್ಧವಾಗುತ್ತದೆ. ಹಗ್ಗ ಹೊಸೆಯುವುದನ್ನು ಕಲಿಸಿದ ದಿನ ನುಲಿಯ ಚಂದಯ್ಯನವರ ಕಥೆಯನ್ನೂ, ನೂಲು ತೆಗೆದ ದಿನ ಜೇಡರ ದಾಸಿಮಯ್ಯನವರ ಕಥೆಯನ್ನೂ ಹೇಳಲಿ. ಕಲಿಸುವ ಆ ಹಿರಿಯರಿಗೆ ಗೌರವಧನವನ್ನು ತಪ್ಪದೆ ಸಲ್ಲಿಸಬೇಕು. ಕಾಯಕದ ಪಾಠವನ್ನು ಬಿಟ್ಟಿಯಾಗಿ ಪಡೆಯುವುದು ಕಾಯಕತತ್ತ್ವಕ್ಕೇ ವಿರುದ್ಧ.

ಕಣ್ಣು ಕಂಡುದನ್ನು ಮರೆಯಬಹುದು. ಕೈ ಕಲಿತುದನ್ನು ಸುಲಭವಾಗಿ ಮರೆಯದು. ಲಿಂಗವನ್ನು ಹಿಡಿಯುವ ಅಂಗೈಗೆ ಹಿರಿಯರ ದುಡಿಮೆಯ ಭಾರವೂ ತಿಳಿದಿರಲಿ. ಬರುವ ರಜೆಯಲ್ಲಿ ದೂರದ ಊರಿಗೆ ಹೋಗಲು ಅನುಕೂಲವಾಗದಿದ್ದರೆ ಚಿಂತೆಯಿಲ್ಲ. ಅಜ್ಜಿಯ ಮನೆಯ ಹಿತ್ತಲಿನಲ್ಲಿ ಮಗುಚಿ ಬಿದ್ದಿರುವ ಒರಳನ್ನು ಮಕ್ಕಳೊಡನೆ ಸೇರಿ ಎತ್ತಿ ನಿಲ್ಲಿಸಿ, ತೊಳೆದು, ಒಂದು ಹಿಡಿ ಶೇಂಗಾ ಹಿಂಡಿಯನ್ನು ಕುಟ್ಟಿ, ಎಲ್ಲರೂ ಕೂಡಿ ರೊಟ್ಟಿಯೊಡನೆ ಸವಿಯಿರಿ.